ಬಿಲ್ಲಿಂಗ್ ಕೌಂಟರ್ ಐದಿದೆ, ಕೂರಕ್ಕೆ ಒಂದು ಸ್ಟೂಲ್ ಇಲ್ಲ

ಮೈಸೂರು ಕುವೆಂಪುನಗರದ ಕಡೆ ಇರೋ ಒಂದು ಸೂಪರ್ ಮಾರ್ಕೆಟ್ ಬಗ್ಗೆ ಬರೀತಿದ್ದೀನಿ. ಹೆಸರು ಬೇಕಂತಲೇ ಹಾಕಿಲ್ಲ, ಯಾಕಂದ್ರೆ ಹೆಸರು ಹಾಕಿದ್ರೆ ಮೇಲಿಂದ ಮೊದಲು ಬೈಸ್ಕೊಳ್ಳೋದು ಕೌಂಟರ್‌ನಲ್ಲಿ ನಿಂತಿರೋ ಹುಡುಗೀರೇ. ನಾಲ್ಕು ವರ್ಷದಿಂದ ಅಲ್ಲೇ ತಿಂಗಳ ಸಾಮಾನು ತರೋದು ನಾನು. ಮೊನ್ನೆ ಫೋನಲ್ಲಿ ಆ ಅಂಗಡಿಗೆ ಜನ ಕೊಟ್ಟಿರೋ ರೇಟಿಂಗ್ ನೋಡಿದೆ, ಒಂದು ಸ್ಟಾರ್, ಒಂದು ಸ್ಟಾರ್, ಒಂದು ಸ್ಟಾರ್, ಕೆಳಗೆ "ಸ್ಟಾಫ್ ತುಂಬಾ ಸ್ಲೋ", "ಕೇಳಿದ್ರೆ ಮುಖ ಸಿಂಡರಿಸ್ತಾರೆ", "ಕೆಲಸ ಮಾಡಕ್ಕೆ ಇಷ್ಟ ಇಲ್ಲ ಅಂದ್ರೆ ಮನೇಲಿರಿ" ಅಂತೆಲ್ಲ. ಓದಿ ತುಂಬಾ ಬೇಜಾರಾಯ್ತು, ಆ ಹುಡುಗೀರನ್ನ ನಾನು ದಿನಾ ನೋಡ್ತೀನಲ್ಲ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ಮೊದಲು ಸಾಮಾನಿನ ವಿಷಯ. ತೊಗರಿಬೇಳೆ, ಕಡ್ಲೆಬೇಳೆ, ಹುರಿಗಡಲೆ ಎಲ್ಲ ಚೆನ್ನಾಗಿರುತ್ತೆ, ಕಲ್ಲು ಹುಳ ಇರಲ್ಲ. ಸೋನಾ ಮಸೂರಿ ಹಳೇ ಅಕ್ಕಿ ಕೇಳಿದ್ರೆ ಹಳೇದೇ ಕೊಡ್ತಾರೆ, ಅನ್ನ ಉದುರುದುರಾಗಿ ಬರುತ್ತೆ. ತರಕಾರಿ ಬಂಡಿಪಾಳ್ಯದ ಎಪಿಎಂಸಿಯಿಂದ ಬೆಳಗ್ಗೆ ಬರುತ್ತೆ, ಹನ್ನೊಂದರ ಒಳಗೆ ಹೋದ್ರೆ ಸೊಪ್ಪು ಒಳ್ಳೇದು ಸಿಗುತ್ತೆ, ಸಂಜೆ ಹೊತ್ತಿಗೆ ದಂಟು ಕೊತ್ತಂಬರಿ ಎಲ್ಲ ಬಾಡಿರುತ್ತೆ. ರೇಟು ನಮ್ಮ ಬೀದಿ ಕೊನೆ ಕಿರಾಣಿ ಅಂಗಡಿಗಿಂತ ಸ್ವಲ್ಪ ಕಮ್ಮಿ. ಸಾಮಾನಿಗೆ ನಾಲ್ಕು ಸ್ಟಾರ್ ಕೊಡ್ತೀನಿ, ಇದರಲ್ಲಿ ಜಾಸ್ತಿ ಹೇಳೋದೇನಿಲ್ಲ.

ಈಗ ಕ್ಯೂ ವಿಷಯ. ಅಂಗಡಿ ಶುರುವಾದಾಗ ಐದು ಕೌಂಟರ್ ಹಾಕಿದ್ರು, ಐದರಲ್ಲೂ ಜನ ಇರ್ತಿದ್ರು. ಆಮೇಲೆ ನಾಲ್ಕಾಯ್ತು, ಮೂರಾಯ್ತು, ಈಗ ಒಂದು ವರ್ಷದಿಂದ ಎರಡೇ. ಮಿಕ್ಕ ಮೂರರಲ್ಲಿ ಕಂಪ್ಯೂಟರ್ ಮೇಲೆ ಪ್ಲಾಸ್ಟಿಕ್ ಕವರ್ ಮುಚ್ಚಿ, ಮೂರನೇದರ ಮೇಲೆ ಅಗರಬತ್ತಿ ಡಬ್ಬ ಜೋಡ್ಸಿಟ್ಟಿದ್ದಾರೆ. ಕೆಲಸ ಬಿಟ್ಟು ಹೋದೋರ ಜಾಗಕ್ಕೆ ಬೇರೆಯವರನ್ನ ತಗೊಂಡಿಲ್ಲ ಅಷ್ಟೇ, ಗಿರಾಕಿ ಮಾತ್ರ ಜಾಸ್ತಿನೇ ಆಗಿದ್ದಾರೆ, ಹೊಸಾ ಅಪಾರ್ಟ್‌ಮೆಂಟ್ ಬೇರೆ ಎದ್ದಿದೆ ಪಕ್ಕದಲ್ಲಿ.

2025ರ ಆಗಸ್ಟ್ 7, ಗುರುವಾರ ಸಂಜೆ. ಮಾರನೇ ದಿನ ವರಮಹಾಲಕ್ಷ್ಮಿ ಹಬ್ಬ. ಚಿರೋಟಿ ರವೆ, ಬೆಲ್ಲ, ತೆಂಗಿನಕಾಯಿ, ಅರಿಶಿನ ಕುಂಕುಮ, ತಾಂಬೂಲಕ್ಕೆ ಕೊಡೋ ಬ್ಲೌಸ್ ಪೀಸು ಇಷ್ಟು ತರಣ ಅಂತ ಏಳು ಗಂಟೆಗೆ ಹೋದೆ. ಎರಡು ಕೌಂಟರ್, ಒಂದೊಂದರ ಮುಂದೆ ಹದಿನೆಂಟು ಇಪ್ಪತ್ತು ಜನ, ಕ್ಯೂ ಬಿಸ್ಕೆಟ್ ರ‍್ಯಾಕ್ ದಾಟಿ ಎಣ್ಣೆ ಡಬ್ಬದ ತನಕ. ತರಕಾರಿ ತೂಕ ಹಾಕೋ ಕಡೆ ಇರ್ತಿದ್ದ ಹುಡುಗ ಇರಲಿಲ್ಲ, ಅವನನ್ನ ಗೋಡೌನ್‌ಗೆ ಕಾಯಿ ಮೂಟೆ ಇಳಿಸಕ್ಕೆ ಕಳಿಸಿದ್ರಂತೆ. ಹಂಗಾಗಿ ಜನ ತೂಕ ಹಾಕಿಸ್ದೆ, ಸ್ಟಿಕರ್ ಅಂಟಿಸ್ದೆ ಬಾಳೆಹಣ್ಣು ಸೌತೆಕಾಯಿ ಹಂಗೇ ಕೌಂಟರ್‌ಗೆ ತರ್ತಿದ್ರು, ನಮ್ಮ ಕೌಂಟರ್‌ನಲ್ಲಿದ್ದ ಹುಡುಗಿ "ತೂಕ ಹಾಕಿಸ್ಕೊಂಡ್ ಬನ್ನಿ ಸಾರ್" ಅಂದ್ರೆ "ಅಲ್ಲಿ ಯಾರೂ ಇಲ್ವಲ್ಲ, ನಾನ್ ಯಾರ ಹತ್ರ ಹಾಕಿಸ್ಲಿ" ಅಂತ ಜಗಳ, ಪ್ರತಿ ಮೂರನೇ ಗಿರಾಕಿಗೂ ಇದೇ. ಅವಳು ಬಿಲ್ ಅರ್ಧಕ್ಕೆ ನಿಲ್ಸಿ ತಾನೇ ಓಡಿ ಹೋಗಿ ತೂಕ ಹಾಕ್ಕೊಂಡು ಬರೋಳು, ಅಷ್ಟರಲ್ಲಿ ಹಿಂದಿನವರು "ಏನಮ್ಮ ಇದು, ಕೌಂಟರ್ ಬಿಟ್ಟು ಎಲ್ಲಿಗ್ ಹೋಗ್ತೀಯ" ಅಂತ ಕೂಗೋರು.

ಮಧ್ಯದಲ್ಲಿ ಒಬ್ಬರದ್ದು ಯುಪಿಐ ಸಿಕ್ಕಾಕ್ಕೊಳ್ತು. ಅವರ ಫೋನಲ್ಲಿ ದುಡ್ಡು ಕಟ್ ಆಗಿದೆ, ಅಂಗಡಿ ಮಿಷಿನ್‌ನಲ್ಲಿ ಬಂದಿಲ್ಲ. ಅವರು "ನಂದು ಹೋಗಿದೆ, ನೋಡು" ಅಂತ ಫೋನ್ ಅವಳ ಮುಖದ ಹತ್ರ ಹಿಡಿದ್ರು. ದುಡ್ಡು ಬಂದಿಲ್ದೇ ಬಿಲ್ ಕ್ಲೋಸ್ ಮಾಡಿದ್ರೆ ರಾತ್ರಿ ಲೆಕ್ಕದಲ್ಲಿ ಕಮ್ಮಿ ಬೀಳೋದು ಅವಳ ತಲೆಗೆ. ಸೂಪರ್‌ವೈಸರ್ ಕರೀಬೇಕು, ಅವರು ಮೇಲಿನ ಫ್ಲೋರ್‌ನಲ್ಲಿ ಸ್ಟೀಲ್ ಪಾತ್ರೆ ಸೆಕ್ಷನ್‌ನಲ್ಲಿದ್ದಾರೆ, ಅಲ್ಲೂ ಒಬ್ಬರೇ. ಐದು ನಿಮಿಷ ಹಂಗೇ ನಿಂತ್ವಿ. ಆಗ ನಮ್ಮ ಕ್ಯೂನಲ್ಲಿದ್ದ ಒಬ್ಬರು, ಕೈಲಿ ವಾಚು, ಓದಿದೋರ ಥರ ಇದ್ರು, ಅವಲಕ್ಕಿ ಪ್ಯಾಕೆಟ್ ಕೌಂಟರ್ ಮೇಲೆ ಎಸೆದು "ಬೇಡ ನಿಮ್ಮ ಸಾಮಾನು, ಸಂಬಳ ತಗೊಳಲ್ವಾ ನೀವು" ಅಂದು ಹೊರಟೋದ್ರು. ಪ್ಯಾಕೆಟ್ ಒಡೀತು. ಆ ಹುಡುಗಿ ಏನೂ ಮಾತಾಡಲಿಲ್ಲ, ಚೆಲ್ಲಿದ ಅವಲಕ್ಕಿ ಒಂದು ಕೈಯಲ್ಲಿ ಬಾಚ್ಕೊಂಡು ಇನ್ನೊಂದು ಕೈಯಲ್ಲಿ ಮುಂದಿನವರ ಎಣ್ಣೆ ಪ್ಯಾಕೆಟ್ ಸ್ಕ್ಯಾನ್ ಮಾಡಿದ್ಲು. ನನ್ನ ಮುಂದೆ ಒಬ್ಬರು ಅಜ್ಜಿ ಇದ್ರು, ಕೈಲಿ ಬರೀ ಒಂದು ಕರ್ಪೂರದ ಡಬ್ಬಿ, ಅವರು ಹಿಂದೆ ತಿರುಗಿ ಎಲ್ಲರಿಗೂ ಕೇಳೋ ಹಂಗೆ "ಸ್ವಲ್ಪ ಸುಮ್ನಿರ್ರಪ್ಪ, ಆ ಮಗು ಒಂದ್ ಲೋಟ ನೀರಾದ್ರೂ ಕುಡೀಲಿ" ಅಂದ್ರು. ಕ್ಯೂ ತಣ್ಣಗಾಯ್ತು. ಅವಳು ಕೆಳಗೆ ಬಗ್ಗಿ ಬಾಟ್ಲಿ ತಗೊಂಡು ಎರಡು ಗುಟುಕು ಕುಡಿದ್ಲು, ಬಾಟ್ಲಿ ತುಂಬ ಹಂಗೇ ಇತ್ತು, ಸಂಜೆ ಏಳೂವರೆ ಆಗಿತ್ತು ಆಗ.

ನನ್ನ ಸರದಿ ಬಂದಾಗ "ಊಟ ಆಯ್ತಾ ಪುಟ್ಟ" ಅಂದೆ, "ನಾಲ್ಕು ಗಂಟೆಗೆ ಆಯ್ತು ಮೇಡಮ್" ಅಂದ್ಲು. ಬೆಳಗ್ಗೆ ಹತ್ತಕ್ಕೆ ಬಂದೋಳು.

ಇದಾದ್ಮೇಲೆ ನಾನು ಮಂಗಳವಾರ ಬುಧವಾರ ಬೆಳಗ್ಗೆ ಹೋಗಕ್ಕೆ ಶುರು ಮಾಡಿದೆ, ಆಗ ಜನ ಕಮ್ಮಿ, ಸ್ವಲ್ಪ ಮಾತಾಡಕ್ಕೆ ಆಗುತ್ತೆ. ಅಲ್ಲಿ ಕೆಲಸ ಮಾಡೋರ ಹತ್ರ ಕೇಳಿ ಕೇಳಿ ತಿಳ್ಕೊಂಡಿದ್ದು ಹೇಳ್ತೀನಿ, ಯಾಕಂದ್ರೆ ನಮಗೆ ಕೌಂಟರ್ ಆ ಕಡೆ ಏನಾಗ್ತಿದೆ ಗೊತ್ತೇ ಇರಲ್ಲ.

ರ‍್ಯಾಕ್ ಮೇಲೆ ಹಾಕಿರೋ ರೇಟಿಗೂ ಬಿಲ್‌ನಲ್ಲಿ ಬರೋ ರೇಟಿಗೂ ವ್ಯತ್ಯಾಸ ಬರುತ್ತಲ್ಲ, ಅದಕ್ಕೆ ನಾವು ಕ್ಯಾಷಿಯರ್ ಮೇಲೆ ರೇಗ್ತೀವಿ. ಆಫರ್ ಬದಲಾದಾಗ ಕಂಪ್ಯೂಟರ್‌ನಲ್ಲಿ ರೇಟು ತಾನಾಗೇ ಬದಲಾಗುತ್ತೆ, ಆದ್ರೆ ರ‍್ಯಾಕ್ ಮೇಲಿನ ಚೀಟಿ ಬದಲಾಯಿಸಕ್ಕೆ ಮನುಷ್ಯರು ಬೇಕು. ಮೊದಲು ಅದಕ್ಕೇ ಅಂತ ಇಬ್ಬರಿದ್ರು, ಅಂಗಡಿ ಬಾಗಿಲು ಹಾಕಿದ್ಮೇಲೆ ಚೀಟಿ ಬದಲಾಯಿಸಿ ಹೋಗ್ತಿದ್ರು, ಈಗ ಇಲ್ಲ. ಬಿಲ್‌ನಲ್ಲಿ ಒಂದು ಐಟಂ ತೆಗೀಬೇಕು ಅಂದ್ರೂ ಕ್ಯಾಷಿಯರ್ ಕೈಲಾಗಲ್ಲ, ಸೂಪರ್‌ವೈಸರ್ ಬಂದು ಪಾಸ್‌ವರ್ಡ್ ಹಾಕ್ಬೇಕು. ನಾವು ಲಾಸ್ಟ್ ಮಿನಿಟ್‌ನಲ್ಲಿ "ಇದು ಬೇಡ ತೆಗೀರಿ" ಅಂತೀವಲ್ಲ, ಅದು ನಮಗೆ ಒಂದು ಮಾತು, ಅವರಿಗೆ ನಾಲ್ಕು ನಿಮಿಷ. ಇನ್ನು ನಾವು ಬೇಡ ಅಂತ ಬಿಟ್ಟು ಬಂದಿದ್ದು, ಹಾಲಿನ ಫ್ರಿಜ್‌ನಿಂದ ತೆಗೆದ ಪನೀರ್ ಸೋಪಿನ ರ‍್ಯಾಕ್‌ನಲ್ಲಿ ಇಟ್ಟಿದ್ದು, ಅದೆಲ್ಲ ಹುಡುಕಿ ವಾಪಸ್ ಇಡೋರೂ ಇವರೇ. ಪನೀರ್ ಹೊರಗೆ ತುಂಬಾ ಹೊತ್ತು ಇದ್ರೆ ಎಸೀಬೇಕಷ್ಟೆ.

ಮತ್ತೆ ಡೇಟು. ಹಾಲು ಮೊಸರು ಬ್ರೆಡ್ ಹೊಸ ಸ್ಟಾಕ್ ಬಂದಾಗ ಹಳೇದನ್ನ ಮುಂದಕ್ಕೆ ಎಳೆದು ಹೊಸದನ್ನ ಹಿಂದೆ ಇಡಬೇಕು, ಜನ ಇಲ್ದಿದ್ರೆ ಆತುರಕ್ಕೆ ಹೊಸದನ್ನೇ ಮುಂದೆ ಜೋಡಿಸಿ ಬಿಡ್ತಾರೆ, ಹಳೇದು ಹಿಂದೆ ಕೂತು ಡೇಟ್ ಮುಗಿದು ಯಾವತ್ತೋ ಒಂದು ದಿನ ನಮ್ಮ ಕೈಗೆ ಸಿಗುತ್ತೆ. ಒಂದು ಸಲ ನನಗೇ ಡೇಟ್ ಮುಗಿದ ಬ್ರೆಡ್ ಸಿಕ್ಕಿತ್ತು, ವಾಪಸ್ ಕೊಟ್ಟೆ, ಏನೂ ಮಾತಿಲ್ದೆ ಬದಲಾಯಿಸಿ ಕೊಟ್ರು. ಇದು ತಪ್ಪೇ, ಅಂಗಡಿಯವರು ಸರಿ ಮಾಡ್ಕೋಬೇಕು, ಆದ್ರೆ ಆ ತಪ್ಪು ಹುಟ್ಟಿದ್ದು ಎಲ್ಲಿ ಅಂತ ನೋಡಿ.

ಆಮೇಲೆ ಆನ್‌ಲೈನ್ ಆರ್ಡರ್. ಫೋನಲ್ಲಿ ಬಂದ ಆರ್ಡರ್ ನೋಡ್ಕೊಂಡು ಸಾಮಾನು ಆರಿಸಿ ಪ್ಯಾಕ್ ಮಾಡೋದೂ ಅಂಗಡೀಲಿರೋ ಇದೇ ಎಂಟು ಜನ ಸ್ಟಾಫ್. ಇದಕ್ಕೆ ಅಂತ ಬೇರೆ ಯಾರನ್ನೂ ಹಾಕಿಲ್ಲ. ನೀವು ಅಕ್ಕಿ ಎಲ್ಲಿದೆ ಅಂತ ಕೇಳಿದಾಗ "ಆ ಕಡೆ" ಅಂತ ಕೈ ತೋರ್ಸಿ ಓಡ್ತಾನಲ್ಲ ಹುಡುಗ, ಅವನ ಕೈಲಿ ಫೋನಿರುತ್ತೆ ನೋಡಿ, ಅದರಲ್ಲಿ ಟೈಮ್ ಓಡ್ತಿರುತ್ತೆ. ಅವನಿಗೆ ಅಹಂಕಾರ ಅಲ್ಲ.

ಇನ್ನೊಂದು ಯಾರೂ ಗಮನಿಸದ ವಿಷಯ. ಶಾಂಪೂ, ಟೀ ಪುಡಿ ಸೆಕ್ಷನ್ ಹತ್ರ ಬೇರೆ ಬಣ್ಣದ ಟೀ ಶರ್ಟ್ ಹಾಕ್ಕೊಂಡು ನಿಂತಿರ್ತಾರಲ್ಲ, ಅವರು ಅಂಗಡಿ ಸ್ಟಾಫ್ ಅಲ್ಲ, ಆಯಾ ಕಂಪನಿ ಪ್ರಮೋಟರ್‌ಗಳು, ಅವರ ಸಂಬಳ ಬೇರೆ, ಟಾರ್ಗೆಟ್ ಬೇರೆ. "ಇವರೆಲ್ಲ ಸುಮ್ನೆ ನಿಂತಿದ್ದಾರೆ, ಬಿಲ್ಲಿಂಗ್‌ಗೆ ಬರ್ಬಾರ್ದಾ" ಅಂತ ಜನ ಬೈತಾರೆ, ಅವರಿಗೆ ಕಂಪ್ಯೂಟರ್ ಮುಟ್ಟಕ್ಕೆ ಪರ್ಮಿಷನ್ನೇ ಇಲ್ಲ.

ದಸರಾ ಟೈಮಲ್ಲಂತೂ ಇನ್ನೂ ಕಷ್ಟ ಆಯ್ತು. 2025ರ ಸೆಪ್ಟೆಂಬರ್ 22, ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟನೆ ಆದ ದಿನಾನೇ ಹೊಸ ಜಿಎಸ್‌ಟಿ ದರಾನೂ ಬಂತು. ಸೋಪು, ಶಾಂಪೂ, ಟೂತ್‌ಪೇಸ್ಟ್, ಬಿಸ್ಕೆಟ್‌ಗೆ 18 ಪರ್ಸೆಂಟ್ ಇದ್ದಿದ್ದು 5 ಆಯ್ತು, ತುಪ್ಪ ಬೆಣ್ಣೆ 12ರಿಂದ 5ಕ್ಕೆ ಬಂತು. ಒಳ್ಳೇದೇ. ಆದ್ರೆ ಪ್ಯಾಕೆಟ್ ಮೇಲೆ ಹಳೇ ರೇಟೇ ಪ್ರಿಂಟ್ ಆಗಿದೆ, ಬಿಲ್‌ನಲ್ಲಿ ಬೇರೆ ಬರುತ್ತೆ, ಕೆಲವಕ್ಕೆ ಕಮ್ಮಿ ಆಗಿದೆ ಕೆಲವಕ್ಕೆ ಆಗಿಲ್ಲ, ಜನ ಟಿವಿ ನೋಡಿ ಬಂದು "ಎಲ್ಲದಕ್ಕೂ ಕಮ್ಮಿ ಆಗಿದ್ಯಂತೆ, ನೀವ್ ಯಾಕ್ ಕೊಡ್ತಿಲ್ಲ" ಅಂತ ಕ್ಯಾಷಿಯರ್‌ನ ಹಿಡ್ಕೊಂಡ್ರು. ಅವಳು ಒಂದೊಂದು ಬಿಲ್‌ಗೂ ಐದೈದು ನಿಮಿಷ ಅದನ್ನೇ ವಿವರಿಸ್ತಿದ್ಲು. ಮ್ಯಾನೇಜ್‌ಮೆಂಟ್‌ನವರು ಬಾಗಿಲ ಹತ್ರ ಒಂದು ದೊಡ್ಡ ಬೋರ್ಡ್ ಬರೆಸಿ, ಒಬ್ಬರನ್ನ ಅಲ್ಲಿ ನಿಲ್ಸಿದ್ದಿದ್ರೆ ಮುಗೀತಿತ್ತು. ಊರಿಗೆಲ್ಲ ಲೈಟು, ಮನೆಮನೆಗೂ ನೆಂಟರು, ಅಂಗಡಿ ತುಂಬಾ ಜನ, ಕೌಂಟರ್ ಮಾತ್ರ ಅದೇ ಎರಡು.

ನನಗೆ ಇದು ಯಾಕಿಷ್ಟು ಮನಸ್ಸಿಗೆ ತಟ್ಟುತ್ತೆ ಅಂದ್ರೆ ನಮ್ಮಕ್ಕ ಒಂಬತ್ತು ವರ್ಷ ಒಂದು ಬಟ್ಟೆ ಅಂಗಡೀಲಿ ಸೀರೆ ಸೆಕ್ಷನ್‌ನಲ್ಲಿದ್ಲು. ಕೂರೋ ಹಂಗಿರಲಿಲ್ಲ. ಗಿರಾಕಿ ಇಲ್ದಿದ್ರೂ ನಿಂತೇ ಇರ್ಬೇಕು, ಗೋಡೆಗೆ ಒರಗಿದ್ರೂ ಕ್ಯಾಮೆರಾದಲ್ಲಿ ನೋಡಿ ಫೋನ್ ಮಾಡ್ತಿದ್ರಂತೆ. ರಾತ್ರಿ ಮನೆಗೆ ಬಂದು ಬಿಸಿನೀರಿಗೆ ಉಪ್ಪು ಹಾಕಿ ಕಾಲು ಇಟ್ಕೊಂಡು ಕೂರೋಳು, ಮೊಣಕಾಲ ಕೆಳಗೆ ನರ ಎಲ್ಲ ನೀಲಿಯಾಗಿ ಗಂಟು ಗಂಟಾಗಿತ್ತು, ಆಮೇಲೆ ಆಪರೇಷನ್ ಆಯ್ತು. ಅವಳು ಆ ಒಂಬತ್ತು ವರ್ಷದಲ್ಲಿ ಎಷ್ಟು ಸಾವಿರ ಸೀರೆ ಬಿಚ್ಚಿ ಮಡಚಿದ್ಲೋ, ಇವತ್ತಿಗೂ ಮನೇಲಿ ಯಾರಾದ್ರೂ ಸೀರೆ ತಂದ್ರೆ ಮಡಚಿ ಕೊಡೋದು ಅವಳೇ.

ಕೇರಳದಲ್ಲಿ ಇದೇ ಥರ ಬಟ್ಟೆ ಅಂಗಡಿ ಹೆಣ್ಣುಮಕ್ಕಳು ಕೂರೋ ಹಕ್ಕು ಬೇಕು ಅಂತ ವರ್ಷಗಟ್ಟಲೆ ಹೋರಾಟ ಮಾಡಿದ್ರು, ಕೋಳಿಕ್ಕೋಡ್‌ನ ವಿಜಿ ಅನ್ನೋ ದರ್ಜಿ ಕೆಲಸದ ಹೆಣ್ಣುಮಗಳು ಅದರ ಮುಂದಾಳು, 2018ರಲ್ಲಿ ಅಲ್ಲಿನ ಸರ್ಕಾರ ಕಾನೂನು ತಿದ್ದಿತು, ಅಂಗಡಿಯವರು ಕೂರಕ್ಕೆ ವ್ಯವಸ್ಥೆ ಮಾಡ್ಲೇಬೇಕು ಅಂತ. 2021ರಲ್ಲಿ ತಮಿಳುನಾಡೂ ಮಾಡ್ತು. ಜರ್ಮನಿಯಲ್ಲಿರೋ ನಮ್ಮ ಚಿಕ್ಕಪ್ಪನ ಮಗ ಹೇಳ್ತಾನೆ, ಅಲ್ಲಿ ಸೂಪರ್ ಮಾರ್ಕೆಟ್ ಕ್ಯಾಷಿಯರ್‌ಗಳು ಕುರ್ಚೀಲಿ ಕೂತೇ ಬಿಲ್ ಮಾಡೋದಂತೆ, ಸ್ಪೀಡೂ ಜಾಸ್ತೀನೇ ಅಂತೆ. ನಮ್ಮ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು, ಅದರಲ್ಲಿ ದಿನಕ್ಕೆ 9 ಗಂಟೆ ವಾರಕ್ಕೆ 48 ಗಂಟೆ ಅಂತ ಬರೆದಿದ್ರು, ವಾರಕ್ಕೊಂದು ರಜ, ಐದು ಗಂಟೆ ಕೆಲಸ ಆದ್ಮೇಲೆ ಒಂದು ಗಂಟೆ ಬಿಡುವು, ಹೆಚ್ಚು ಹೊತ್ತು ದುಡಿಸಿದ್ರೆ ಡಬಲ್ ಸಂಬಳ. ಹತ್ತಕ್ಕೆ ಬಂದೋಳು ಊಟಕ್ಕೆ ನಾಲ್ಕಕ್ಕೆ ಹೋಗಿದ್ಲು ಅಂದ್ನಲ್ಲ, ಲೆಕ್ಕ ನೀವೇ ಹಾಕಿ. ಒಂದು ಸ್ಟೂಲ್ ಇಡಕ್ಕೆ ಕಾನೂನು ಬರೋ ತನಕ ಕಾಯ್ಬೇಕಾ? ಇದೇ ಅಂಗಡಿ ಮೇಲಿನ ಫ್ಲೋರ್‌ನಲ್ಲಿ ಪ್ಲಾಸ್ಟಿಕ್ ಸ್ಟೂಲ್ ಸಾಲಾಗಿ ಮಾರಕ್ಕೆ ಇಟ್ಟಿದ್ದಾರೆ, ಅದರಲ್ಲಿ ಎರಡು ಕೆಳಗೆ ತಂದ್ರೆ ಆಯ್ತು.

ಆ ಹುಡುಗಿ ನಂಜನಗೂಡು ಕಡೆ ಒಂದು ಹಳ್ಳಿಯಿಂದ ಬರ್ತಾಳೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ್ಮೇಲೆ ಬಸ್ ಚಾರ್ಜ್ ಉಳೀತು, ಅದಕ್ಕೆ ಮುಂಚೆ ಸಂಬಳದಲ್ಲಿ ಒಂದು ಭಾಗ ಬಸ್ಸಿಗೇ ಹೋಗ್ತಿತ್ತು ಅಂದ್ಲು. ಆದ್ರೆ ಬಸ್ ಫ್ರೀ ಆದ್ರೂ ಟೈಮ್ ಫ್ರೀ ಇಲ್ವಲ್ಲ. ಶಿಫ್ಟ್ ಹತ್ತರಿಂದ ಏಳು ಅಂತ ಹೇಳಿ ತಗೊಂಡ್ರಂತೆ, ಬದಲಿ ಬರೋರು ಇಲ್ದೇ ಬಿಡಲ್ಲ, ಹಬ್ಬದ ದಿನ ಬಾಗಿಲು ಹಾಕೋ ತನಕ ಇರ್ಬೇಕು, ಆಮೇಲೆ ಕ್ಯಾಷ್ ಟ್ಯಾಲಿ ಮಾಡ್ಬೇಕು. "ಇನ್ನೂರು ರೂಪಾಯಿ ಕಮ್ಮಿ ಬಂದ್ರೂ ನಾವೇ ಹಾಕ್ಬೇಕು ಆಂಟಿ, ಜನ ಕೂಗಾಡ್ದಾಗ್ಲೇ ಚಿಲ್ಲರೆ ತಪ್ಪಾಗೋದು" ಅಂದ್ಲು. ಈ ಒಂದು ಮಾತು ನನ್ನ ತಲೇಲಿ ಕೂತುಬಿಟ್ಟಿದೆ. ನಾವು ಕೂಗಿದ್ರೆ ಕ್ಯೂ ಬೇಗ ಹೋಗಲ್ಲ, ಅವಳ ಜೇಬಿಂದ ದುಡ್ಡು ಹೋಗುತ್ತೆ. ವರಮಹಾಲಕ್ಷ್ಮಿ ಹಿಂದಿನ ದಿನ ಲಾಸ್ಟ್ ಬಸ್ ತಪ್ಪೋಗಿ ಅವಳ ಅಣ್ಣ ಬೈಕಲ್ಲಿ ಬಂದು ಕರ್ಕೊಂಡು ಹೋದ್ನಂತೆ. ಮಾರನೇ ದಿನ ಅವಳ ಮನೇಲೂ ಹಬ್ಬಾನೇ, ಅವಳು ಮತ್ತೆ ಹತ್ತಕ್ಕೆ ಕೌಂಟರ್‌ನಲ್ಲಿದ್ಲು.

ನಾನೂ ಮೊದಲು ರೇಗಿದ್ದೀನಿ, ಮುಚ್ಚಿಡೋದೇನಿಲ್ಲ. ಎರಡು ವರ್ಷದ ಹಿಂದೆ ಮೊಟ್ಟೆ ಒಡೆದಿತ್ತು ಅಂತ ಅಲ್ಲಿನ ಒಬ್ಬ ಹುಡುಗನ್ನ ಎಲ್ಲರ ಮುಂದೆ ಜೋರಾಗಿ ಬೈದಿದ್ದೆ, ಪ್ಯಾಕ್ ಮಾಡಿದ್ದು ಅವನೇ ಅಲ್ಲ ಅಂತ ಆಮೇಲೆ ಗೊತ್ತಾಯ್ತು, ಸಾರಿ ಕೇಳಣ ಅಂತ ಮುಂದಿನ ವಾರ ಹೋದ್ರೆ ಅವನು ಕೆಲಸ ಬಿಟ್ಟಿದ್ದ. ನನ್ನಿಂದಲೇ ಬಿಟ್ಟ ಅಂತ ಅಲ್ಲ, ಆದ್ರೂ ಅದು ಮನಸ್ಸಲ್ಲಿ ಉಳಿದಿದೆ.

ಈಗ ನಾನೇನ್ ಮಾಡ್ತೀನಿ ಅಂದ್ರೆ, ತಿಂಗಳ ಸಾಮಾನು ಒಂದನೇ ತಾರೀಕು ಸಂಜೆ ತರಲ್ಲ, ಐದಾರನೇ ತಾರೀಕು ವಾರದ ಮಧ್ಯ ಬೆಳಗ್ಗೆ ಹೋಗ್ತೀನಿ. ತರಕಾರಿ ಸ್ಟಿಕರ್ ಅಂಟಿದ್ಯಾ ಅಂತ ನೋಡ್ಕೊಂಡೇ ಕ್ಯೂಗೆ ಬರ್ತೀನಿ. ಬ್ಯಾಗ್ ಮನೆಯಿಂದ ತಗೊಂಡು ಹೋಗಿ ಅವಳು ಸ್ಕ್ಯಾನ್ ಮಾಡ್ತಿದ್ದ ಹಾಗೇ ನಾನೇ ತುಂಬ್ಕೋತೀನಿ, ಬಾರ್‌ಕೋಡ್ ಮೇಲೆ ಬರೋ ಹಾಗೆ ಪ್ಯಾಕೆಟ್ ಇಡ್ತೀನಿ, ಫೋನಲ್ಲಿ ಯುಪಿಐ ಮೊದಲೇ ತೆಗೆದಿಟ್ಕೋತೀನಿ. ಬೇಡದ ಸಾಮಾನು ಎಲ್ಲಿಂದ ತೆಗೆದ್ನೋ ಅಲ್ಲೇ ಇಟ್ಟು ಬರ್ತೀನಿ. ಬಿಲ್ ಮಾಡಿಸುವಾಗ ಫೋನಲ್ಲಿ ಮಾತಾಡಲ್ಲ. ಇದ್ರಿಂದ ಅಂಗಡಿಗೆ ಹೊಸ ಸ್ಟಾಫ್ ಬರಲ್ಲ ಅಂತ ಗೊತ್ತು, ಆದ್ರೆ ಒಂದು ಬಿಲ್‌ಗೆ ಎರಡು ನಿಮಿಷ ಉಳಿದ್ರೂ ಅವಳಿಗೆ ಒಂದು ಗುಟುಕು ನೀರು ಕುಡಿಯೋ ಟೈಮ್ ಸಿಗುತ್ತಲ್ಲ.

ಕಂಪ್ಲೇಂಟ್ ಮಾಡ್ಬೇಡಿ ಅಂತ ಹೇಳ್ತಿಲ್ಲ ನಾನು, ಮಾಡಿ, ಖಂಡಿತ ಮಾಡಿ, ಆದ್ರೆ ಸರಿಯಾದ ಕಡೆ ಮಾಡಿ. ಕಂಪ್ಲೇಂಟ್ ಬುಕ್ ಕೇಳಿ ಅದರಲ್ಲಿ "ಸ್ಟಾಫ್ ಸ್ಲೋ" ಅಂತ ಬರೀಬೇಡಿ, "ಐದು ಕೌಂಟರ್‌ನಲ್ಲಿ ಎರಡೇ ತೆರೆದಿತ್ತು, ಇಷ್ಟೊತ್ತು ಕಾದೆ, ಜನ ಹಾಕಿ" ಅಂತ ಟೈಮ್ ಸಮೇತ ಬರೀರಿ. ಸ್ಟಾಫ್ ಸ್ಲೋ ಅಂತ ಬರೆದ್ರೆ ಮೇಲಿನವರು ಆ ಹುಡುಗೀಗೆ ನೋಟಿಸ್ ಕೊಟ್ಟು ಕೈ ತೊಳ್ಕೊಳ್ತಾರೆ, ಕೌಂಟರ್ ಮುಚ್ಚಿತ್ತು ಅಂತ ಬರೆದ್ರೆ ಅವರೇ ಉತ್ತರ ಕೊಡ್ಬೇಕು. ನಾನು ಆಗಸ್ಟ್‌ನಿಂದ ಮೂರು ಸಲ ಬರೆದಿದ್ದೀನಿ, ಸ್ಟೂಲ್ ಬಗ್ಗೇನೂ ಬರೆದಿದ್ದೀನಿ. ಮೂರನೇ ಸಲ ಮ್ಯಾನೇಜರ್ ಬಂದು ಮಾತಾಡಿದ್ರು. ಒಳ್ಳೇ ಮನುಷ್ಯರೇ, "ನಾನೂ ಹೆಡ್ ಆಫೀಸಿಗೆ ಹೇಳಿ ಸಾಕಾಗಿದೆ ಮೇಡಮ್, ನಾನೇ ಎಷ್ಟೋ ಸಲ ಮೂಟೆ ಇಳಿಸ್ತೀನಿ, ನೀವು ಬರೆದಿದ್ದು ಒಳ್ಳೇದಾಯ್ತು, ಫೋಟೋ ತೆಗೆದು ಕಳಿಸ್ತೀನಿ" ಅಂದ್ರು. ನೋಡಿದ್ರೆ ಅವರ ಶರ್ಟಿನ ಹೆಗಲ ಮೇಲೆ ಹಿಟ್ಟಿನ ಧೂಳಿತ್ತು.

ಹಂಗಾಗಿ ನನ್ನ ರೇಟಿಂಗ್ ಹೀಗೆ. ಸಾಮಾನಿಗೆ 4. ಸ್ಟಾಫ್‌ಗೆ 5ಕ್ಕೆ 5, ಇದರಲ್ಲಿ ಎರಡು ಮಾತಿಲ್ಲ. ಜನ ಹಾಕದೇ ಇರೋ ಹೆಡ್ ಆಫೀಸಿಗೆ 1.

ಹೋದ ವಾರ ಹೋಗಿದ್ದೆ. ಮೂರನೇ ಕೌಂಟರ್ ಮೇಲಿನ ಅಗರಬತ್ತಿ ಡಬ್ಬ ಇನ್ನೂ ಅಲ್ಲೇ ಇದೆ. ಎರಡನೇ ಕೌಂಟರ್ ಹಿಂದೆ ಮಾತ್ರ ಎಣ್ಣೆ ಟಿನ್ ಬರೋ ರಟ್ಟಿನ ಪೆಟ್ಟಿಗೆ ಎರಡು ಒಂದರ ಮೇಲೊಂದು ಇಟ್ಟು, ಮೇಲೆ ಗೋಣಿಚೀಲ ಮಡಚಿ ಹಾಕಿದ್ರು. ಆ ಹುಡುಗಿ ನನ್ನ ನೋಡಿ ಒಂದ್ ಕ್ಷಣ ಅದರ ಮೇಲೆ ಕೂತು ತೋರಿಸಿದ್ಲು, "ಮ್ಯಾನೇಜರ್ ಇಟ್ರು ಆಂಟಿ" ಅಂದ್ಲು, ಅಷ್ಟರಲ್ಲಿ ಗಿರಾಕಿ ಬಂದ್ರು, ಎದ್ದು ನಿಂತ್ಲು.